ಗ್ವಾನ್‌ಯಿನ್‌ಗೆ ತೊಡಿಸಿದ ನೀಲಿ ನಿಲುವಂಗಿ

ಶ್ವೆನ್‌ಹ ಶಕೆಯ ಮೊದಲ ವರ್ಷ, ಮೊದಲ ತಿಂಗಳ ಕೊನೆ

ಇದನ್ನು ಬಾಯಿಬಿಟ್ಟು ಹೇಳಿದರೆ ತಲೆ ಹೋಗುತ್ತದೆ, ಹೇಳದಿದ್ದರೆ ಎದೆ ಒಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಪಿಂಗ್‌ಯಾಂಗ್ ಊರಿನ ದಕ್ಷಿಣ ಬಾಗಿಲಲ್ಲಿ ರಾಜಾಜ್ಞೆ ಓದಿದರು. ಬುದ್ಧ ಇನ್ನು ಮುಂದೆ ಬುದ್ಧನಲ್ಲವಂತೆ, ‘ಮಹಾ ಅರಿವಿನ ಬಂಗಾರದ ಅಮರ’ನಂತೆ. ಬೋಧಿಸತ್ವರೆಲ್ಲ ದಾವ್ ಪಂಥದ ಅಮರರಂತೆ. ಭಿಕ್ಷುಗಳೂ ಭಿಕ್ಷುಣಿಯರೂ ಬೋಳುತಲೆ ಬಿಟ್ಟು ಕೂದಲು ಬೆಳೆಸಬೇಕಂತೆ, ದಾವ್ ಪಂಥದವರ ಟೋಪಿ ಹಾಕಿಕೊಳ್ಳಬೇಕಂತೆ. ಅದೂ ಸಾಲದು ಎಂದು ಗುಡಿಯೊಳಗಿನ ವಿಗ್ರಹಗಳಿಗೂ ಅದೇ ಟೋಪಿ, ಅದೇ ನಿಲುವಂಗಿ ತೊಡಿಸಬೇಕಂತೆ. ಪರದೇಶದಿಂದ ಬಂದ ದೇವರುಗಳು ನಮ್ಮ ನಾಡಿನ ಬಟ್ಟೆ ಹಾಕಿಕೊಂಡು ಮರ್ಯಾದೆಯಾಗಿ ಇರಲಿ ಎಂಬುದು ಚಕ್ರವರ್ತಿಗಳ ಅಪ್ಪಣೆ.

ನಾನು ಭಕ್ತೆಯೇನಲ್ಲ. ವಿಗ್ರಹ ಮಾಡುವ ಮನೆಯಲ್ಲಿ ಹುಟ್ಟಿದವಳು, ಎಲ್ಲ ದೇವರ ಬೆನ್ನೂ ಟೊಳ್ಳು ಎಂದು ಚಿಕ್ಕಂದಿನಲ್ಲೇ ಕಂಡವಳು. ನನ್ನ ಸಿಟ್ಟು ಬೇರೆ. ಅಪ್ಪ ಕೆತ್ತಿ ನಾನು ಬಣ್ಣ ಕೂರಿಸಿದ ವಿಗ್ರಹಗಳು ಈ ಸೀಮೆಯ ಗುಡಿಗುಡಿಯಲ್ಲೂ ಇವೆ. ಅವುಗಳನ್ನು ಯಾರನ್ನು ಕೇಳಿ ಮುಟ್ಟುತ್ತಾರೆ? ಚಕ್ರವರ್ತಿಗಳು ಸ್ವತಃ ಚಿತ್ರ ಬರೆಯುತ್ತಾರಂತೆ. ಹಕ್ಕಿ ಬರೆದರೆ ಅದರ ಒಂದು ಗರಿಯೂ ತಪ್ಪುವುದಿಲ್ಲವಂತೆ. ಆ ಹಕ್ಕಿಗೆ ಯಾರಾದರೂ ಬಾತುಕೋಳಿಯ ಕಾಲು ಬರೆದಿಟ್ಟರೆ ಅವರು ಸುಮ್ಮನಿರುತ್ತಾರೆಯೇ?

ಅಪ್ಪ ಸುದ್ದಿ ಕೇಳಿದರು. ಉಳಿ ಮಸೆಯುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಕಲ್ಲನ್ನು ನೋಡಿದರು, ಮತ್ತೆ ಮಸೆಯಲು ಹತ್ತಿದರು. ಅಪ್ಪನ ಶಿಷ್ಯನಾಗಿ ಬಂದು ನಮ್ಮ ಮನೆಯ ಅಳಿಯನಾಗಿ ಉಳಿದ ನನ್ನ ಗಂಡ ಗೆಂಗ್ ಚೆಂಗ್‌ಗೆ ಎಲ್ಲವೂ ತಮಾಷೆ. “ಬುದ್ಧಂಗೂ ಸರ್ಕಾರಿ ನೌಕರಿ ಸಿಕ್ತು ಬಿಡು. ಇನ್ಮೇಲೆ ಅವನೂ ಬೆಳಿಗ್ಗೆ ಎದ್ದು ಟೋಪಿ ಹಾಕ್ಕೊಂಡು ಕಚೇರಿಗೆ ಹೊರಡ್ಬೇಕು” ಎಂದರು. ನಾನು ಊಟಕ್ಕೆ ಬಡಿಸಲಿಲ್ಲ. ತಾವೇ ಬಡಿಸಿಕೊಂಡು ಉಂಡರು.

ಎರಡನೆಯ ತಿಂಗಳು, ಅಮಾವಾಸ್ಯೆಯ ಮರುದಿನ

ಪೂರ್ವ ಬಾಗಿಲಾಚೆಯ ಭಿಕ್ಷುಣಿಯರ ಮಠಕ್ಕೆ ಹೋಗಿದ್ದೆ. ಅಲ್ಲಿಯ ಹಿರಿಯಳು ಹುಯಿಚಾನ್. ಹಿಂದೆ ಅವಳ ಮನೆ ನಮ್ಮ ಮನೆಯ ಹಿತ್ತಲಿಗೆ ಅಂಟಿಕೊಂಡಿತ್ತು, ಬೋರೆಹಣ್ಣಿನ ಮರಕ್ಕೆ ಒಟ್ಟಿಗೆ ಕಲ್ಲು ಹೊಡೆದವರು ನಾವು. ನನಗಿಂತ ಸ್ವಲ್ಪ ದೊಡ್ಡವಳು, ಅಕ್ಕ ಎಂದೇ ಕರೆಯುತ್ತೇನೆ. ತಲೆ ಬೋಳಿಸಿಕೊಂಡು ಮಠ ಸೇರಿದ ಮೇಲೂ ಅಕ್ಕನೇ.

ಅವಳು ಗ್ವಾನ್‌ಯಿನ್ ಎಂಬ ಕರುಣೆಯ ಬೋಧಿಸತ್ವೆಯ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪನ ಕೈಯಿಂದ ಬಂದದ್ದರಲ್ಲೆಲ್ಲ ನನಗೆ ಈ ವಿಗ್ರಹವೇ ಮೇಲು. ವಿಲೋ ಮರದ್ದು, ಎತ್ತರ ಒಂದು ಆಳಿನಷ್ಟು. ಒಂದು ಮೊಣಕಾಲು ಮೇಲೆತ್ತಿ, ಅದರ ಮೇಲೆ ತೋಳನ್ನು ಚಾಚಿ, ಇನ್ನೊಂದು ಕಾಲನ್ನು ಇಳಿಬಿಟ್ಟು, ಕೆಲಸ ಮುಗಿಸಿದ ಹೆಂಗಸು ಜಗಲಿಯಲ್ಲಿ ಕೂರುವಂತೆ ಆರಾಮಾಗಿ ಕೂತಿದೆ. ಎದೆ ಬರಿದು, ಕೊರಳಲ್ಲಿ ಹಾರ. ಕಿರೀಟದ ನಡುವೆ ಹೆಬ್ಬೆರಳಿನಷ್ಟು ಪುಟ್ಟ ಬುದ್ಧ. ಕೆನ್ನೆಗೆ ಬಣ್ಣ ಹಚ್ಚಿದ್ದು ನಾನು, ಮದುವೆಯಾದ ವರ್ಷ.

“ಟೋಪಿ ಹಾಕ್ಕೊಳ್ದಿದ್ರೆ ಮಠ ಬಿಡ್ಬೇಕು ಅಂತ ಹೇಳಿಕಳ್ಸಿದಾರೆ” ಎಂದಳು ಹುಯಿಚಾನ್.

“ಹಾಕ್ಕೋಬೇಡ ಅಕ್ಕ. ಏನಾದ್ರೂ ಆಗ್ಲಿ, ನೀನು ಮಾತ್ರ ಹಾಕ್ಕೋಬೇಡ” ಎಂದೆ.

“ನಿಂಗೆ ಇವಳ ಮೇಲೆ ಭಕ್ತಿ ಬಂದಿದ್ದು ಯಾವಾಗ?”

“ಭಕ್ತಿ ಅಲ್ಲ. ಅನ್ಯಾಯ ಇದು.”

ಅವಳು ನಕ್ಕು ಮಡಿಲು ತುಂಬ ಅವರೆ ಕೊಟ್ಟಳು. ದಾರಿಯುದ್ದಕ್ಕೂ ನನ್ನ ಹಲ್ಲು ಕಡಿತ ನಿಲ್ಲಲಿಲ್ಲ. ಅಡುಗೆಮನೆಯ ಕತ್ತಿಯಂಥ ನೆಟ್ಟಗಿನ ಹೆಂಗಸು ಅವಳು. ಅಂಥವಳಿಗೆ ಒಂದು ಟೋಪಿಯ ಹೆದರಿಕೆ ಹಾಕುತ್ತಾರಲ್ಲ.

ಮೂರನೆಯ ತಿಂಗಳು, ಹುಣ್ಣಿಮೆ

ರಾಜಧಾನಿಯಿಂದ ಅಧಿಕಾರಿಯೊಬ್ಬ ಬಂದಿದ್ದಾನೆ. ಹೆಸರು ಪೇ ಯಾನ್‌ಲಿಯಾಂಗ್. ಅರಮನೆಯ ಚಿತ್ರಶಾಲೆಯಲ್ಲಿ ಕಲಿತವನಂತೆ. ಈ ಸೀಮೆಯ ವಿಗ್ರಹಗಳನ್ನೆಲ್ಲ ‘ತಿದ್ದುವ’ ಉಸ್ತುವಾರಿ ಅವನದು. ಮೊದಲು ನಮ್ಮ ಕಾರ್ಖಾನೆಗೇ ಬಂದ. ಉಗುರು ಎಷ್ಟು ಚೊಕ್ಕಟವೆಂದರೆ ನೋಡಿದರೆ ಮೈ ಉರಿಯುತ್ತದೆ.

ಅಪ್ಪ ಎದ್ದು ನಿಂತು ಕೈಮುಗಿದು ಒಂದೇ ಮಾತು ಹೇಳಿದರು. “ಸ್ವಾಮಿ, ನಾನು ಮಾಡಿದ್ದನ್ನ ನಾನೇ ಕೆಡಿಸೋದಿಲ್ಲ.” ಈಗ ಹೊಡೆಸುತ್ತಾನೆ, ಇಲ್ಲ ಕಟ್ಟಿಸಿ ಒಯ್ಯುತ್ತಾನೆ ಎಂದುಕೊಂಡೆ. ಪೇ ತಲೆಯಾಡಿಸಿ, ವಯಸ್ಸಾದವರು, ಕೈ ನೋವೆಂದು ಬರೆದುಕೊಳ್ಳುತ್ತೇನೆ ಎಂದಷ್ಟೇ ಅಂದ.

ಆಮೇಲೆ ಮಠಕ್ಕೆ ಹೋಗಿ ಗ್ವಾನ್‌ಯಿನ್ ನೋಡಿದ. ನಾವೂ ಹಿಂದೆ ಹೋದೆವು. ಬಹಳ ಹೊತ್ತು ನೋಡಿದ. ಏಣಿ ತರಿಸಿ ಹತ್ತಿ ಮುಖದ ಹತ್ತಿರ ಮುಖ ಇಟ್ಟು ನೋಡಿದ. ಇಳಿದು, ಈ ಕೆನ್ನೆಗೆ ಬಣ್ಣ ಹಚ್ಚಿದವರು ಯಾರು, ಕೆಂಪಿನ ಮೇಲೆ ಬಿಳಿಯನ್ನು ಇಷ್ಟು ತೆಳ್ಳಗೆ ಎಳೆದಿರುವುದು ಯಾವ ಕುಂಚದಲ್ಲಿ ಎಂದು ಕೇಳಿದ. ಗಂಡ ನನ್ನನ್ನು ತೋರಿಸಿದರು.

ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿದ್ದಿಲ್ಲ. ಕೇಳಬೇಕಾಗಿ ಬಂದದ್ದು ಇಂಥವನೇ? ಕಣ್ಣಿಲ್ಲದವನು ಬಂದು ಹಾಳುಮಾಡಿದರೆ ಕುರುಡ ಎಂದು ಬೈದು ಸುಮ್ಮನಿರಬಹುದು. ಇವನಿಗೆ ಕಣ್ಣಿದೆ. ಕಣ್ಣಿದ್ದೂ ಈ ಕೆಲಸಕ್ಕೆ ಬಂದಿದ್ದಾನೆ. ನಾಚಿಕೆಗೆಟ್ಟವನು.

ಮೂರನೆಯ ತಿಂಗಳು, ಕೊನೆಯ ವಾರ

ಮಠದ ಬಾಗಿಲಿಗೆ ಮುದ್ರೆಯೊತ್ತಿದ ಆಜ್ಞೆ ಅಂಟಿಸಿದರು. ಕಿರಿಯ ಭಿಕ್ಷುಣಿಯರು ಟೋಪಿ ಹಾಕಿಕೊಂಡು ಉಳಿದರು. ಹುಯಿಚಾನ್ ಗಂಟು ಹೊತ್ತು ಹೊರಟಳು. ನಮ್ಮ ಮನೆಗೆ ಬಾ ಎಂದು ಸೆರಗು ಹಿಡಿದು ಜಗ್ಗಿದೆ. ನಿಮಗೂ ಕಷ್ಟ ತರಲಾರೆ, ಬೆಟ್ಟದ ಕಡೆ ನನ್ನ ದಾಯಾದಿಗಳಿದ್ದಾರೆ ಎಂದಳು. ಬೀದಿಯಲ್ಲಿ ನಿಂತು ಅತ್ತೆ. ಬೈದೆ ಕೂಡ, ಹೆಸರು ಹೇಳದೆ.

ನಾಲ್ಕನೆಯ ತಿಂಗಳು, ಮಳೆ ಬಂದ ದಿನ

ವಿಗ್ರಹವನ್ನು ನಮ್ಮ ಕಾರ್ಖಾನೆಗೆ ತಂದಿಳಿಸಿದ್ದಾರೆ. ಕೆಲಸ ನಾವು ಒಪ್ಪಿಕೊಂಡಿದ್ದೇವೆ. ಒಪ್ಪಿಕೊಳ್ಳದೆ ಏನು ಮಾಡುವುದು? ನಾವು ಬೇಡವೆಂದರೆ ಪಶ್ಚಿಮ ಬೀದಿಯ ಹೌ ಮನೆಯವರಿಗೆ ಹೋಗುತ್ತಿತ್ತು. ಅವರು ದೇವರ ಮೂಗನ್ನು ಬದನೆಕಾಯಿಯಂತೆ ಮಾಡುವವರು. ಹಾಳಾಗುವುದೇ ಆದರೆ ನಮ್ಮ ಕೈಯಲ್ಲೇ ಮೆಲ್ಲಗೆ ಹಾಳಾಗಲಿ ಎಂದು ನಾನೇ ಹಟ ಹಿಡಿದೆ. ಅಪ್ಪ ಅವತ್ತಿನಿಂದ ಕಾರ್ಖಾನೆಯೊಳಕ್ಕೆ ಕಾಲಿಟ್ಟಿಲ್ಲ. ಫೆನ್ ನದಿಯ ದಂಡೆಗೆ ಹೋಗಿ ಕೂರುತ್ತಾರೆ. ಮೀನು ಹಿಡಿಯುವುದೂ ಇಲ್ಲ, ಸುಮ್ಮನೆ ಕೂರುತ್ತಾರೆ.

ಇವತ್ತು ಅರಮನೆಯ ಉಗ್ರಾಣದಿಂದ ಬಣ್ಣ ಬಂತು. ಎಣ್ಣೆಕಾಗದದಲ್ಲಿ ಸುತ್ತಿದ ಕಲ್ಲುನೀಲಿ, ಕಲ್ಲುಹಸಿರು, ಚಿನ್ನದ ರೇಕು. ನೀಲಿಯ ಕಲ್ಲನ್ನು ಹಿಡಿದು ಬೆಳಕಿಗೆ ಒಡ್ಡಿದೆ. ಪೇಟೆಯಲ್ಲಿ ನಾವು ಕೊಳ್ಳುವುದೂ ನೀಲಿಯೇ, ಆದರೆ ಅದರಲ್ಲಿ ಅರ್ಧ ಮಣ್ಣು. ಇದು ಹಾಗಲ್ಲ. ಒಂದೇ ಕಲ್ಲನ್ನು ಒರಟಾಗಿ ಅರೆದರೆ ಆಳದ ನೀರಿನ ಬಣ್ಣ, ನುಣ್ಣಗೆ ಅರೆದರೆ ಬೆಳಗಿನ ಆಕಾಶದ ಬಣ್ಣ. ಇಷ್ಟು ಚೆನ್ನಾದ ಬಣ್ಣವನ್ನು ಇಂಥ ಹೊಲಸು ಕೆಲಸಕ್ಕೆ ಕಳಿಸಿದ್ದಾರಲ್ಲ ಎಂದು ಹೊಟ್ಟೆ ಉರಿಯಿತು.

ಗಂಡ ಬಾಗಿಲಲ್ಲಿ ನಿಂತು ನೋಡಿ, “ಬೈತಾ ಬೈತಾನೇ ಎಷ್ಟು ಚೆನ್ನಾಗಿ ಅರೀತೀಯ” ಎಂದರು.

“ಅರೀದೆ ಬಿಸಾಕ್ಲಾ? ಬಣ್ಣ ಏನ್ ತಪ್ಪು ಮಾಡಿದೆ?” ಎಂದೆ.

ಆರನೆಯ ತಿಂಗಳು, ಸೆಕೆ

ಪೇ ಜೊತೆ ದೊಡ್ಡ ಜಗಳ. ರಾಜಧಾನಿಯಿಂದ ಬಂದ ಮಾದರಿ ಚಿತ್ರದಲ್ಲಿ ಅಮರರು ಎರಡೂ ಕಾಲು ಮಡಿಸಿ, ಬೆನ್ನು ನೆಟ್ಟಗೆ ಮಾಡಿ ದರ್ಬಾರಿನಲ್ಲಿ ಕೂತಂತೆ ಕೂತಿದ್ದಾರೆ. ಮೊಣಕಾಲು ಎತ್ತಿ ಕೂರುವುದು ಸಭ್ಯತೆಯಲ್ಲವಂತೆ. ಮೊಣಕಾಲನ್ನು ಕಡಿದು ಕೆಳಗೆ ಬೇರೆ ಮರ ಕೂರಿಸಿ ಎಂದ.

ಕಡಿಯುವುದಿಲ್ಲ ಎಂದೆ. ಕಿರೀಟವನ್ನು ಕೆತ್ತಿ ತೆಗೆದಾಗಿದೆ, ಎದೆ ಮುಚ್ಚಲು ನನ್ನ ಗಂಡ ಮರದ ಪಟ್ಟಿ ಕೂರಿಸುತ್ತಿದ್ದಾರೆ, ಆದರೆ ಮೊಣಕಾಲು ಕಡಿದರೆ ಈ ಮೈ ಮೈಯಾಗಿ ಉಳಿಯುವುದಿಲ್ಲ ಎಂದೆ. ನಿಲುವಂಗಿ ಮೊಣಕಾಲ ಮೇಲಿಂದ ಇಳಿಯಲಿ, ನೆರಿಗೆ ಒಂದರ ಮೇಲೊಂದು ಬೀಳಲಿ, ಒಳಗೆ ಕಾಲು ಹೇಗಿದೆಯೆಂದು ಯಾರಿಗೆ ಕಾಣುತ್ತದೆ? ಹೀಗೆ ಹೇಳುತ್ತ ಇದ್ದಿಲಿನಿಂದ ನೆಲದ ಮೇಲೆಯೇ ಬರೆದು ತೋರಿಸಿದೆ. ಪೇ ನೆಲಕ್ಕೆ ಬಗ್ಗಿ ಕೂತು ಬಹಳ ಹೊತ್ತು ನೋಡಿದ. ತಾನೂ ಇದ್ದಿಲು ತೆಗೆದುಕೊಂಡು ಒಂದು ನೆರಿಗೆಯನ್ನು ಸ್ವಲ್ಪ ಎಡಕ್ಕೆ ಸರಿಸಿದ. ಸರಿಸಿದ್ದು ಸರಿಯಾಗಿಯೇ ಇತ್ತು. ಅದಕ್ಕೂ ಸಿಟ್ಟು ಬಂತು.

ಅದನ್ನು ಕಾಗದಕ್ಕಿಳಿಸಿ ರಾಜಧಾನಿಗೆ ಕಳಿಸುತ್ತೇನೆ, ಒಪ್ಪಿಗೆ ಬರುವವರೆಗೆ ಉಳಿ ಮುಟ್ಟಬೇಡಿ ಎಂದು ಹೇಳಿ ಹೋದ.

ಎಂಟನೆಯ ತಿಂಗಳು, ಚಂದ್ರನ ಹಬ್ಬಕ್ಕೆ ಮುಂಚೆ

ಒಪ್ಪಿಗೆ ಬಂದಿದೆ. ಮೊಣಕಾಲು ಉಳಿಯಿತು. ಮೇಲಿನವರು ಆ ಚಿತ್ರವನ್ನು ಕೈಯಲ್ಲಿ ಹಿಡಿದು ನೋಡಿ ಮೆಚ್ಚಿದರಂತೆ. ಯಾವ ಮೇಲಿನವರು ಎಂದು ಕೇಳಿದೆ. ಪೇ ಆಕಾಶದ ಕಡೆ ಕಣ್ಣೆತ್ತಿದ.

ಇಷ್ಟು ಸರಳವಾದದ್ದು ಬಟ್ಟೆ ಒಗೆಯುವ ಹೆಂಗಸಿಗೂ ಗೊತ್ತಿರುತ್ತದೆ. ಇದಕ್ಕೆ ಬೇಸಿಗೆಯಿಡೀ ಕಾಯಿಸಿದರು. ಅಪ್ಪನಿಗೆ ನದಿಯ ದಂಡೆಯವರೆಗೂ ಹೋಗಿ ಹೇಳಿದೆ. ಅರಮನೆಯಲ್ಲಿ ನನ್ನ ನೆರಿಗೆ ಮೆಚ್ಚಿದರಂತೆ ಅಪ್ಪಾ ಎಂದೆ. ಅವರು ನೀರು ನೋಡುತ್ತಾ, ಹುಯಿಚಾನ್ ಸುದ್ದಿ ಏನಾದರೂ ಬಂತೇ ಎಂದು ಕೇಳಿದರು. ನಾನು ಹೇಳಿದ್ದೇನು, ಅವರು ಕೇಳಿದ್ದೇನು.

ಹತ್ತನೆಯ ತಿಂಗಳು, ಮೊದಲ ಇಬ್ಬನಿ

ಬಣ್ಣದ ಕೆಲಸ ಶುರುವಾಗಿ ಕೆಲವು ವಾರಗಳಾದವು. ಬರೆಯಲು ಹೊತ್ತೇ ಸಿಗುತ್ತಿಲ್ಲ.

ನೆರಿಗೆಗಳನ್ನು ಬಿಳಿಮಣ್ಣಿನಲ್ಲಿ ಮೆತ್ತಿ ಎಬ್ಬಿಸಿ, ಅದು ಒಣಗಿದ ಮೇಲೆ ನೀಲಿ ಹಚ್ಚುವುದು. ಅಂಟು ಹೆಚ್ಚಾದರೆ ಕಪ್ಪಾಗುತ್ತದೆ, ಕಡಿಮೆಯಾದರೆ ಉದುರುತ್ತದೆ. ಭುಜದ ಹತ್ತಿರ ಬೆಳಗಿನ ಆಕಾಶ, ಸೊಂಟಕ್ಕೆ ಬರುವಾಗ ಮಧ್ಯಾಹ್ನ, ಮೊಣಕಾಲಿನಿಂದ ಇಳಿದು ನೆರಿಗೆಯ ಒಳಕ್ಕೆ ಹೋಗುತ್ತ ಹೋಗುತ್ತ ಆಳದ ನೀರು. ಅಂಚಿಗೆ ಚಿನ್ನದ ಗೆರೆಯಲ್ಲಿ ಮೋಡ, ಕೊಕ್ಕರೆ. ಇವತ್ತು ನಡುಹಗಲಲ್ಲಿ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ನಿಲುವಂಗಿ ಮೆಲ್ಲಗೆ ಉಸಿರಾಡಿದಂತೆ ಕಂಡಿತು. ಗಂಡನನ್ನು ಕರೆದೆ. ಅವರು ಬರುವಷ್ಟರಲ್ಲಿ ಬಿಸಿಲು ಸರಿದಿತ್ತು. ಕರೆದ ಕೂಡಲೇ ಬರುವ ಅಭ್ಯಾಸ ಈ ಮನುಷ್ಯನಿಗೆ ಎಂದಾದರೂ ಬಂದೀತೇ?

ಸಂಜೆ ಅಪ್ಪ ತಾವಾಗಿ ಒಳಗೆ ಬಂದರು. ಎಷ್ಟೋ ತಿಂಗಳ ಮೇಲೆ. ವಿಗ್ರಹವನ್ನು ಒಂದು ಸುತ್ತು ಹಾಕಿದರು.

“ಚೆನ್ನಾಗಿದೆ. ಕಷ್ಟ ಇರೋದೇ ಅದ್ರಲ್ಲಿ” ಎಂದರು.

“ಏನಪ್ಪಾ ಕಷ್ಟ?”

“ಚೆನ್ನಾಗಿಲ್ದೆ ಇದ್ದಿದ್ರೆ ಒಂದಿನ ತೆಗೆದುಹಾಕ್ಬೋದಿತ್ತು.”

ಹೊಗಳುವುದಕ್ಕೂ ಬಯ್ಯುವ ಬಾಯಿಯನ್ನೇ ಬಳಸುತ್ತಾರೆ.

ಹನ್ನೆರಡನೆಯ ತಿಂಗಳು, ಗಂಜಿ ಹಬ್ಬವಾಗಿ ಮೂರು ದಿನ

ಚಿನ್ನದ ರೇಕು ಅಂಟಿಸುವ ದಿನ ಬಾಗಿಲು ತೆಗೆಯಬಾರದು, ಜೋರಾಗಿ ಉಸಿರು ಬಿಡಲೂಬಾರದು. ರೇಕು ನೊಣದ ರೆಕ್ಕೆಗಿಂತ ತೆಳು, ಗಾಳಿ ಬಂದರೆ ಹಾರಿಹೋಗುತ್ತದೆ. ಹಬ್ಬದ ದಿನ ಅಂಥ ಹೊತ್ತಿಗೇ ಬಾಗಿಲು ಬಡಿದರು. ಹುಯಿಚಾನ್.

ಕೂದಲು ಕಿವಿಯವರೆಗೆ ಬೆಳೆದಿತ್ತು. ತಲೆಗೆ ಏನೂ ಇಲ್ಲ, ಹೆಗಲಲ್ಲಿ ಗಂಟು. ದಾಯಾದಿಗಳ ಮನೆಯಲ್ಲಿ ಹೆದರಿಕೆ ಹೆಚ್ಚಾಗಿ ಹೊರಡು ಎಂದರಂತೆ. ಅಡುಗೆಮನೆಯಲ್ಲಿ ಕೂರು, ರೇಕು ಮುಗಿಸಿ ಬರುತ್ತೇನೆ ಎಂದೆ. ಗಂಡ ಅವಳಿಗೆ ನವಣೆ ಗಂಜಿ ಕಾಯಿಸಿ ಕೊಟ್ಟರು. ನನ್ನ ಕೆಲಸ ಮುಗಿಯುವಾಗ ಹೊತ್ತು ಇಳಿದಿತ್ತು.

ಅವಳಿಗೇ ಮೊದಲು ತೋರಿಸಬೇಕೆಂದು ಕೈಹಿಡಿದು ಕರೆದುಕೊಂಡು ಹೋದೆ. ದೀಪವನ್ನು ಹೇಗೆ ಹಿಡಿದರೆ ನೀಲಿ ಎದ್ದು ಕಾಣುತ್ತದೋ ಹಾಗೆ ಹಿಡಿದೆ. ಅವಳು ನೋಡಿದಳು, ಮುಖ ನೋಡಿದಳು, ಟೋಪಿ ನೋಡಿದಳು.

“ಇವರು ಯಾರು?” ಎಂದಳು.

ಎಂಟು ತಿಂಗಳ ಕೆಲಸ. ಅರಮನೆಯೂ ಮೆಚ್ಚಿದ ನೆರಿಗೆ. ಮೊಣಕಾಲನ್ನು ಉಳಿಸಿದವಳು ನಾನು. ಇವಳು ಒಂದು ಬಣ್ಣದ ಬಗ್ಗೆಯೂ ಮಾತಾಡಲಿಲ್ಲ. ನಾನೂ ಸುಮ್ಮನಿರಲಿಲ್ಲ.

“ಯಾಕಕ್ಕ ಇಷ್ಟು ಹಟ? ಟೋಪಿ ಅಂದ್ರೆ ಟೋಪಿ ಅಷ್ಟೆ. ಹಾಕ್ಕೊಂಡು ನಿನ್ನ ಮಠದಲ್ಲಿ ನೀನು ಬೆಚ್ಚಗಿರ್ಬಾರ್ದಾ? ಇವಳೇ ಹಾಕ್ಕೊಂಡು ಕೂತಿದಾಳೆ, ನಿಂದೇನು ದೊಡ್ಡಸ್ತಿಕೆ?”

“ಇವಳನ್ನ ಯಾರೂ ಕೇಳ್ಲಿಲ್ವಲ್ಲ ಸುಯೂನ್. ನನ್ನ ಕೇಳಿದ್ರು, ಬೇಡ ಅಂದೆ” ಎಂದಳು.

ಮರುದಿನ ಬೆಳಿಗ್ಗೆ ನಾನು ಎರಡನೆಯ ಸುತ್ತಿನ ರೇಕಿಗೆ ಕೂತಿದ್ದಾಗ ಹೊರಟುಹೋಗಿದ್ದಳು. ಹಿಮ ಬೀಳುತ್ತಿತ್ತಂತೆ. ಹೇಳಿ ಹೋಗುವ ಸೌಜನ್ಯವೂ ಬೇಡವೇ? ಗಂಡ ಎರಡು ದಿನದಿಂದ ನನ್ನೊಡನೆ ಮಾತಾಡುತ್ತಿಲ್ಲ. ತಮಾಷೆ ಮಾಡುವವರು ಸುಮ್ಮನಾದರೆ ಮನೆ ಎಷ್ಟು ಕೊರೆಯುತ್ತದೆ. ಅವಳು ಹೋದದ್ದಕ್ಕೆ ನಾನು ಏನು ಮಾಡಲಿ? ನಾನು ಹೋಗು ಎಂದೆನೇ?

ಎರಡನೆಯ ವರ್ಷ, ಮೂರನೆಯ ತಿಂಗಳು

ವಿಗ್ರಹ ಮಠಕ್ಕೆ ಹಿಂದಿರುಗಿತು. ಈಗ ಅದಕ್ಕೆ ಮಠವೆನ್ನುವಂತಿಲ್ಲ, ಬೇರೆ ಹೆಸರು. ಗಂಟೆ, ಧೂಪ, ಉದ್ದ ಗಡ್ಡದ ದಾವ್ ಪುರೋಹಿತರು. ಜನ ನೀಲಿ ನೋಡಲೆಂದೇ ಪಕ್ಕದ ಊರುಗಳಿಂದ ಬರುತ್ತಿದ್ದಾರೆ.

ರಾಜಧಾನಿಯಿಂದ ಮೆಚ್ಚುಗೆಯ ಪತ್ರ ಬಂದಿದೆ, ರೇಷ್ಮೆಯ ಸುರುಳಿಯ ಮೇಲೆ. ಅದರಲ್ಲಿ ಇರುವುದು ಅಪ್ಪನ ಹೆಸರು. ಪಿಂಗ್‌ಯಾಂಗಿನ ಕುಶಲಕರ್ಮಿ ದ್ವಾನ್ ಬೋಯಾನ್ ಎಂದು. ನದಿಯ ದಂಡೆಯಲ್ಲಿ ಕೂತು ವರ್ಷ ಕಳೆದವರ ಹೆಸರು! ಪೇ ಮುಂದೆ ಕೂಗಾಡಿದೆ. ಅವನು ಮುಖ ಕೆಂಪಗೆ ಮಾಡಿಕೊಂಡು, ತಾನು ನನ್ನ ಹೆಸರನ್ನೇ ಬರೆದು ಕಳಿಸಿದ್ದಾಗಿಯೂ, ಹೆಂಗಸಿನ ಹೆಸರು ಬೇಡವೆಂದು ಮಧ್ಯದಲ್ಲಿ ಯಾರೋ ಬದಲಿಸಿರಬೇಕೆಂದೂ, ಸರಿಪಡಿಸುತ್ತೇನೆಂದೂ ಹೇಳಿದ. ಅಷ್ಟರಲ್ಲಿ ಅವನಿಗೇ ವರ್ಗ. ಚಕ್ರವರ್ತಿಗಳ ಉದ್ಯಾನಕ್ಕೆ ವಿಚಿತ್ರ ಆಕಾರದ ಕಲ್ಲುಗಳು ಬೇಕಂತೆ. ಅವುಗಳನ್ನು ದೋಣಿಯಲ್ಲಿ ಸಾಗಿಸುವ ಕೆಲಸಕ್ಕೆ ದಕ್ಷಿಣಕ್ಕೆ ಹೊರಟ. ನೆರಿಗೆ ಸರಿಸಬಲ್ಲ ಕೈಗೆ ಬಂಡೆ ಹೊರಿಸುವ ಕೆಲಸ. ಹೊರಡುವಾಗ ನನಗೆ ಬಗ್ಗಿ ನಮಸ್ಕರಿಸಿದ. ಅಧಿಕಾರಿಗಳು ಬಣ್ಣ ಹಚ್ಚುವವರಿಗೆ ಹಾಗೆ ಬಗ್ಗುವುದಿಲ್ಲ.

ಎರಡನೆಯ ವರ್ಷ, ಒಂಬತ್ತನೆಯ ತಿಂಗಳು, ಜೋರು ಗಾಳಿ

ಇದನ್ನು ಏನೆಂದು ಕರೆಯುವುದು? ನನಗೆ ಮಾತು ಸಿಗುತ್ತಿಲ್ಲ.

ಇವತ್ತು ದಕ್ಷಿಣ ಬಾಗಿಲಲ್ಲಿ ಇನ್ನೊಂದು ರಾಜಾಜ್ಞೆ. ಹಿಂದಿನ ಆಜ್ಞೆ ರದ್ದು. ಬುದ್ಧ ಮತ್ತೆ ಬುದ್ಧ. ಭಿಕ್ಷುಗಳು ಮತ್ತೆ ತಲೆ ಬೋಳಿಸಿಕೊಳ್ಳಬಹುದು. ವಿಗ್ರಹಗಳು ಮೊದಲು ಹೇಗಿದ್ದವೋ ಹಾಗೆ ಆಗಬೇಕು. ಕಾರಣವಿಲ್ಲ, ವಿವರಣೆಯಿಲ್ಲ. ಓದಿದವನೂ ಅದೇ ಮನುಷ್ಯ, ಅದೇ ದನಿ.

ಹಾಗೆ ಆಗಬೇಕು ಎಂದರೆ ಹೇಗೆ ಆಗುತ್ತದೆ? ಅದೇನು ಬಾಗಿಲೇ, ತೆಗೆದು ಮುಚ್ಚಲು? ಒಬ್ಬಳು ತನ್ನ ಕಣ್ಣು ಸವೆಸಿ ಮಾಡಿದ್ದನ್ನು ಯಾರನ್ನು ಕೇಳಿ ಕೆರೆಯುತ್ತಾರೆ? ಕೆಲಸ ಮಾಡುವವರಿಗೆ ಮಾನವಿಲ್ಲವೇ? ಮನೆಗೆ ಬಂದು ಮಣ್ಣಿನ ಗಡಿಗೆ ಎತ್ತಿ ಹಾಕಿದೆ.

ಗಂಡ ಚೂರುಗಳನ್ನು ಗುಡಿಸುತ್ತಾ ಮೆಲ್ಲಗೆ, “ಹೋದ ವರ್ಷಾನೂ ಹೀಗೇ ಬೈದಿದ್ದೆ” ಎಂದರು.

“ಅದು ಬೇರೆ. ಇದು ಬೇರೆ.”

“ಬೇರೆ ಹೇಗೆ?”

ಹೇಳಿ ಅರ್ಥ ಮಾಡಿಸುವಷ್ಟು ಚಿಕ್ಕ ವಿಷಯವಲ್ಲ ಇದು.

ಒಂಬತ್ತನೆಯ ತಿಂಗಳು, ಅದೇ ವಾರ

ಹೊಸ ಅಧಿಕಾರಿ ಬಂದಿದ್ದಾನೆ. ವಿಗ್ರಹದ ಕಡೆ ತಲೆಯೆತ್ತಿ ಒಂದು ಸಲವೂ ನೋಡಲಿಲ್ಲ. ತಿಂಗಳು ಮುಗಿಯುವುದರೊಳಗೆ ಹಳೆಯ ರೂಪ ಬರಬೇಕು, ಇಲ್ಲದಿದ್ದರೆ ಗೋಡೆ ಕೆಡಹುವ ಆಳುಗಳನ್ನು ಕಳಿಸುತ್ತೇನೆ, ಅವರು ಬಾಚಿಯಲ್ಲಿ ಕೆತ್ತಿ ಕೊಡುತ್ತಾರೆ ಎಂದ. ಇದೊಂದು ವಿಗ್ರಹವನ್ನಾದರೂ ಹೀಗೇ ಬಿಡಿ ಎಂದು ಕೇಳಿಕೊಂಡೆ. ಅರಮನೆಯ ಮೆಚ್ಚುಗೆಯ ಪತ್ರ ತೋರಿಸಿದೆ. ತಾರೀಖು ಹಳೆಯದು ಎಂದ.

ಪೇಗೆ ಹೇಳಿಕಳಿಸಿದ್ದೇನೆ. ದಕ್ಷಿಣದಲ್ಲಿ ಕಲ್ಲು ಹೊತ್ತ ಜನ ಕಲ್ಲೆಸೆಯಲು ಶುರುಮಾಡಿದ್ದಾರಂತೆ, ಆ ಕಡೆಯಿಂದ ಯಾರ ಸುದ್ದಿಯೂ ಬರುತ್ತಿಲ್ಲ.

ದಾವ್ ಪುರೋಹಿತರು ಖಾಲಿ ಮಾಡಿ ಹೋಗುವಾಗ ಕೊಟ್ಟ ಮಠದ ಬೀಗದಕೈ ನನ್ನ ಹತ್ತಿರವಿದೆ. ಕೊಡುವುದಿಲ್ಲ.

ಒಂಬತ್ತನೆಯ ತಿಂಗಳು, ಕೊನೆಯ ವಾರಕ್ಕೆ ಮೊದಲು

ಗಂಡ ಹೇಳದೆ ಕೇಳದೆ ಕತ್ತೆಗಾಡಿ ಕಟ್ಟಿಕೊಂಡು ಬೆಟ್ಟದ ಕಡೆ ಹೋಗಿದ್ದರು. ಹಳ್ಳಿ ಹಳ್ಳಿ ವಿಚಾರಿಸಿ ಹುಯಿಚಾನ್‌ಳನ್ನು ಹುಡುಕಿ ಇವತ್ತು ಕರೆತಂದರು. ತಲೆಗೆ ಬಟ್ಟೆ ಸುತ್ತಿಕೊಂಡಿದ್ದಾಳೆ. ಮೈಯಲ್ಲಿ ಎಲುಬು ಬಿಟ್ಟರೆ ಬೇರೆ ಇಲ್ಲ. ನೇರ ಮಠದ ಬಾಗಿಲಿಗೆ ಬಂದು ನನ್ನ ಮುಂದೆ ಕೈ ಚಾಚಿದಳು. ಬೀಗದಕೈ ಕೊಟ್ಟೆ. ಅವಳು ಕೇಳಿದರೆ ಕೊಡದಿರಲು ಹೇಗಾಗುತ್ತದೆ?

ಈ ಸಲ ಅವಳು ವಿಗ್ರಹದ ಸುತ್ತ ನಿಧಾನವಾಗಿ ಬಂದಳು. ಹಗಲಿತ್ತು. ಮೊಣಕಾಲಿನಿಂದ ಇಳಿಯುವ ನೆರಿಗೆಯ ಮುಂದೆ ನಿಂತಳು. ಬೆರಳ ತುದಿಯನ್ನು ಹತ್ತಿರ ಒಯ್ದಳು, ಮುಟ್ಟಲಿಲ್ಲ.

“ತುಂಬಾ ಚೆನ್ನಾಗಿದೆ ಸುಯೂನ್. ಇಂಥಾ ನೀಲಿ ನಾನು ಕಂಡಿಲ್ಲ. ಆವತ್ತು ದಣಿವಿತ್ತು, ನೋಡೋಕಾಗ್ಲಿಲ್ಲ” ಎಂದಳು.

ಹಾಗಾದರೆ ಇರಲಿ ಬಿಡು ಅಕ್ಕ, ನೀನು ಒಂದು ಮಾತು ಹೇಳಿದರೆ ಆ ಅಧಿಕಾರಿ ಕೇಳಿಯಾನು, ಮಠ ನಿನ್ನದು ಎಂದೆ.

“ಇಲ್ಲ. ಕೆರೆದುಬಿಡು.”

“ಚೆನ್ನಾಗಿದೆ ಅಂತ ಈಗ್ತಾನೆ ಅಂದೆ.”

“ಚೆನ್ನಾಗಿದೆ. ಆದ್ರೆ ಇವಳಿಗೆ ಬೇಕಿರ್ಲಿಲ್ಲ. ಬೇರೆಯವ್ರು ಕೆರೆದ್ರೆ ಮರ ಉಳಿಯಲ್ಲ. ನೀನು ಕೆರೆದ್ರೆ ಉಳಿಯುತ್ತೆ.”

ನಾನು ಅವಳಿಗೆ ಏನೇನು ಅಂದೆ ಎಂದು ಬರೆಯುವುದಿಲ್ಲ. ಕೃತಘ್ನಳು ಎಂದೆ, ಕಲ್ಲು ಮನಸ್ಸಿನವಳು ಎಂದೆ. ಬೇಕಿದ್ದರೆ ನೀನೇ ಕೆರೆದುಕೋ ಎಂದು ಸಣ್ಣ ಉಳಿಯನ್ನು ಅವಳ ಕಾಲ ಬುಡಕ್ಕೆ ಎಸೆದೆ. ಅವಳು ಅದನ್ನೆತ್ತಿ ಸೆರಗಿನಲ್ಲಿ ಒರೆಸಿ ಮೆಟ್ಟಿಲ ಮೇಲಿಟ್ಟಳು, ಹೊರಗೆ ಹೋಗಿ ಅಂಗಳ ಗುಡಿಸಲು ಹತ್ತಿದಳು.

ಒಂಬತ್ತನೆಯ ತಿಂಗಳ ಕೊನೆ

ಕೆರೆದೆ. ಬಿಸಿನೀರಲ್ಲಿ ಬಟ್ಟೆ ಅದ್ದಿ ಅಂಟು ಮೆತ್ತಗಾಗುವವರೆಗೆ ಒತ್ತಿ ಹಿಡಿದು, ಬಿದಿರಿನ ಚಕ್ಕೆಯಿಂದ. ನೀಲಿಯೂ ಅದರ ಕೆಳಗಿನ ಮಣ್ಣೂ ಬಟ್ಟಲಿಗೆ ಇಳಿದವು, ಎದೆಯ ಪಟ್ಟಿಯನ್ನು ಗಂಡ ಬಿಚ್ಚಿದರು. ಕೈ ಮೊಣಕೈವರೆಗೆ ನೀಲಿ.

ಅಪ್ಪ ಹೊಸ ಕಿರೀಟ ಕೆತ್ತುತ್ತಿದ್ದಾರೆ. ಕೈ ನಡುಗುತ್ತದೆ. ಪುಟ್ಟ ಬುದ್ಧನ ಮುಖಕ್ಕೆ ಬಂದಾಗ ಮರವನ್ನು ಗಟ್ಟಿಯಾಗಿ ಹಿಡಿದುಕೋ ಎಂದು ನನ್ನನ್ನು ಕರೆದರು. ಹಿಡಿದುಕೊಂಡೆ. ಮೂಗು ಸ್ವಲ್ಪ ಓರೆಯಾಯಿತು. ಅವರೂ ನೋಡಿದರು, ನಾನೂ ನೋಡಿದೆ. ಇರಲಿ ಎಂದರು.

ಹತ್ತನೆಯ ತಿಂಗಳು, ಎಳೆಬಿಸಿಲು

ಇವತ್ತು ಕೆನ್ನೆಗೆ ಬಣ್ಣ ಹಚ್ಚಲೆಂದು ಮಠಕ್ಕೆ ಹೋಗಿದ್ದೆ. ಹುಯಿಚಾನ್ ಅಂಗಳದಲ್ಲಿ ಮಣೆ ಹಾಕಿ ಬಿಸಿನೀರು, ಕ್ಷೌರದ ಕತ್ತಿ ಇಟ್ಟುಕೊಂಡು ಕಾಯುತ್ತಿದ್ದಳು.

“ಕ್ಷೌರಿಕ ಬೇಡ. ನಿನ್ನ ಕೈ ಹಗುರ” ಎಂದಳು.

ನನಗೆ ರೇಗಿಹೋಯಿತು. ಎಲ್ಲ ಕೆರೆಯುವ ಕೆಲಸಕ್ಕೂ ಇವಳಿಗೆ ನಾನೇ ಬೇಕು. ಗೊಣಗುತ್ತಲೇ ತಲೆಯ ಬಟ್ಟೆ ಬಿಚ್ಚಿದೆ. ಕೂದಲು ಹೆಗಲ ಮುಟ್ಟುವಷ್ಟಾಗಿತ್ತು, ಕಪ್ಪಿಗಿಂತ ಬಿಳಿಯೇ ಹೆಚ್ಚು. ಕತ್ತರಿಯಲ್ಲಿ ಉದ್ದ ತೆಗೆದು, ನೀರು ಹಚ್ಚಿ, ಹಣೆಯಿಂದ ಹಿಂದಕ್ಕೆ ಎಳೆಯುತ್ತ ಬಂದೆ. ಎಡಗಿವಿಯ ಹತ್ತಿರ ಕೂದಲು ಸರಿಸಿದಾಗ ಕೈ ನಿಂತಿತು. ಕಿವಿಯ ಮೇಲಂಚು ಇರಲಿಲ್ಲ. ಇಲಿ ತಿಂದ ರೊಟ್ಟಿಯಂತೆ, ಸುತ್ತ ಕಪ್ಪುಗಟ್ಟಿ ಮಾಸಿದ ಗುರುತು.

“ಇದೇನಕ್ಕ?”

“ಹಿಮ. ಹೋದ ಚಳಿಗಾಲದ್ದು.”

“ಯಾವಾಗ?”

“ನಿಮ್ಮನೆಯಿಂದ ಹೊರಟ್ನಲ್ಲ, ಆವತ್ತು. ಕಣಿವೆ ದಾರೀಲಿ ಗಾಳಿ ಜಾಸ್ತಿ ಇತ್ತು.” ನನ್ನನ್ನು ಅಂದದ್ದಲ್ಲ ಅದು. ಬೆಳೆ ಹೇಗಾಯಿತೆಂದು ಹೇಳುವಂತೆ ಹೇಳಿದಳು.

“ತಲೆಗೊಂದು ಟೋಪಿ ಹಾಕ್ಕೊಂಡಿದ್ರೆ ಕಿವಿ ಉಳೀತಿತ್ತು” ಎಂದುಬಿಟ್ಟೆ. ಬಾಯಿಗೆ ಬಂದದ್ದು ಅದೇ.

ಅವಳು ನಗಲು ಶುರುಮಾಡಿದಳು. ಹೆಗಲು ಕುಲುಕಿ ಕುಲುಕಿ, ಕಣ್ಣಲ್ಲಿ ನೀರು ಬರುವಷ್ಟು. ಕತ್ತಿ ತಾಗೀತೆಂದು ನಾನು ಕೈ ಮೇಲೆತ್ತಿ ನಿಂತೆ. ನಗು ನಿಲ್ಲುವವರೆಗೂ ಕಾದೆ. ನನಗೆ ನಗು ಬರಲಿಲ್ಲ. ಆ ಕಿವಿಯ ಸುತ್ತಲಿನ ಕೂದಲನ್ನು ಎಲ್ಲಕ್ಕಿಂತ ಕೊನೆಗೆ ತೆಗೆದೆ, ಒಂದೊಂದೇ ಎಳೆಯಾಗಿ. ಆಮೇಲೆ ಬಣ್ಣದ ಡಬ್ಬಿ ಬಿಚ್ಚಲಿಲ್ಲ. ಕೈ ಸರಿಯಿಲ್ಲ, ನಾಳೆ ಬರುತ್ತೇನೆ ಎಂದು ಹೇಳಿ ಮನೆಗೆ ಬಂದೆ.

ಗಂಡ ಏನಾಯಿತು ಎಂದು ಕೇಳಿದರು. ಏನೂ ಇಲ್ಲ ಎಂದೆ. ಅವರು ಒಲೆಯ ಹತ್ತಿರ ಜಾಗ ಮಾಡಿಕೊಟ್ಟು ತಮ್ಮಷ್ಟಕ್ಕೆ ಮರ ಸೀಳುತ್ತಿದ್ದಾರೆ. ಅವಳ ಮೇಲೆ ಎಷ್ಟು ಸಿಟ್ಟು ಬರುತ್ತಿದೆಯೆಂದರೆ ಹೇಳತೀರದು. ಇಷ್ಟು ದಿನ ಆ ಬಟ್ಟೆಯ ಕೆಳಗೆ ಮುಚ್ಚಿಟ್ಟುಕೊಂಡು ಅಂಗಳ ಗುಡಿಸುತ್ತಿದ್ದಳಲ್ಲ. ಬಾಗಿಲಲ್ಲಿ ನಿಂತು ಆಜ್ಞೆ ಓದಿದವನ ಮೇಲೂ ಸಿಟ್ಟು, ಓದಿಸಿದವರ ಮೇಲೂ. ಮುದ್ರೆ ಒತ್ತಿ ಕಳಿಸಿದರು, ಮುದ್ರೆ ಒತ್ತಿ ಹಿಂದಕ್ಕೆ ಪಡೆದರು. ಆ ಕಿವಿಯನ್ನು ಹಿಂದಕ್ಕೆ ಕೊಡಲಿ, ನೋಡೋಣ.